ಕಾರಿಗೆ ಹಿಡಿದ ಗಾಳಿ

ನಾನು ಸೆಕೆಂಡ್ ಹ್ಯಾಂಡಾಗಿ ಕೊಂಡಿದ್ದ ಫಾರಿನ್ ಕಾರಿನಲ್ಲಿ, ಟೈರಿನ ಗಾಳಿ ಇಳಿದರೆ ಸ್ಟೀರಿಂಗ್ ಮುಂದೆ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತಿತ್ತು. ಆ ಚಳಿಗಾಲ ಪಣಕಹಳ್ಳಿಯ ನಮ್ಮ ಮನೆಯ ಮುಂದೆ ಅದು ದಿನಾ ಬೆಳಿಗ್ಗೆ ಉರಿಯುತ್ತಿತ್ತು. ತಾಳವಾಡಿಯ ಪಂಕ್ಚರ್ ಅಂಗಡಿ ಮುಟ್ಟುವಷ್ಟರಲ್ಲಿ ಆರಿರುತ್ತಿತ್ತು. ಅಂಗಡಿಯವನು ಅಳೆದು ನೋಡಿ, "ಗಾಳಿ ಸರಿಯಾಗೇ ಅದ, ಸುಮ್ನೆ ಓಗಿ ಸಾ" ಎನ್ನುತ್ತಿದ್ದ. ಅವನನ್ನು ನಾನು ನಂಬಲಿಲ್ಲ. ಚಳಿಗೆ ಟೈರಿನ ಗಾಳಿ ಕುಗ್ಗಿ, ಓಡಿ ಬಿಸಿಯಾದರೆ ಮತ್ತೆ ಹಿಗ್ಗುತ್ತದೆಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಯಾರೋ ಗಾಳಿ ಬಿಡುತ್ತಿದ್ದಾರೆಂದುಕೊಂಡೆ; ನನ್ನ ಗುಮಾನಿಯೆಲ್ಲ ಎದುರುಮನೆಯವನ ಮೇಲೆ. ಹೊಲದ ಬದುವಿಗಾಗಿ ನಮಗೆ ಜಗಳವಾದ ಮೇಲೆ ಅವನು ಬೆಳಿಗ್ಗೆ ಬೇವಿನ ಕಡ್ಡಿ ಕಚ್ಚಿಕೊಂಡು ನನ್ನ ಕಾರನ್ನೇ ನೋಡುತ್ತ ನಿಲ್ಲುತ್ತಿದ್ದ. ತಪ್ಪು ಮಾಡದವನು ಅಷ್ಟು ಹೊತ್ತು ಹಲ್ಲುಜ್ಜುತ್ತಾನೆಯೇ?

ಒಂದು ಸಂಜೆ ಅವ್ವ ಕೇಳಿದಳು, "ಏನ್ಲಾ ಅದು, ಒಬ್ಬನೇ ಗೊಣಗ್ತಿದ್ದೀಯ?"

"ಕಾರ್ಗೆ ಗಾಳಿ ತೊಂದ್ರೆ ಕಣವ್ವಾ. ಎದುರುಮನೆಯವನ್ದೇ ಕೆಲ್ಸ."

ಅವ್ವನ ಮುಖ ಬಿಳಚಿಕೊಂಡಿತು. ಸರಸರನೆ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಕಾರನ್ನು ಹಿಂದಕ್ಕೆ ತೆಗೆದೆ, ಅಷ್ಟೆ. ಟುಸ್ಸೆಂದು ಸದ್ದಾಯಿತು. ಇಳಿದು ನೋಡಿದರೆ ಹಿಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು. ಅದಕ್ಕೆ ಚುಚ್ಚಿದ್ದ ಕಬ್ಬಿಣದ ಮೊಳೆ ಟೈರಿನೊಳಗಿತ್ತು.

"ಮಾಟ ಬೇರೆ ಮಾಡ್ಸಿದ್ದೀಯೇನ್ಲಾ?" ಎಂದು ಎದುರುಮನೆಗೆ ಕೇಳುವಂತೆ ಕೂಗಿದೆ. ಅವನು ಹಲ್ಲುಜ್ಜುತ್ತಲೇ ಇದ್ದ.

ಅವ್ವ ಓಡಿಬಂದಳು. "ಅವನ್ನ ಯಾಕ್ಲಾ ಬಯ್ತೀಯ? ನಾನೇ ಮಡಗಿದ್ದು. ದೆವ್ವದ ಗಾಳಿಗೆ ಕಬ್ಬಿಣ ಕಂಡ್ರೆ ಆಗಲ್ಲ."

ಆಮೇಲೆ ಬಗ್ಗಿ, ನೆಲಕ್ಕಂಟಿದ ಟೈರನ್ನು ಬೆರಳಿಂದ ಒತ್ತಿ ನೋಡಿದಳು. ಅವಳ ಮುಖ ಅರಳಿತು.

"ನೋಡ್ಲಾ, ಗಾಳಿ ಒಂಟೋಯ್ತು!"