ಬಾವಿಗೆ ಹಾಕಿದ ಮದ್ದು

ಆರೋಗ್ಯ ಖಾತೆಯ ಪ್ರಚಾರದ ಉಸ್ತುವಾರಿ ನನ್ನದು ಎಂದರೆ ಕೇಳಿದವರು ದೊಡ್ಡ ಕಚೇರಿಯನ್ನೇ ಕಲ್ಪಿಸಿಕೊಳ್ಳುತ್ತಿದ್ದರು. ಚಿತ್ತಾಪುರದ ದವಾಖಾನೆಯ ಹಿಂದೆ ಒಂದು ಕೋಣೆ, ಕುಂಟುವ ಮೇಜು, ಅಂಟಿನ ಡಬ್ಬಿ. ನನ್ನ ದರ್ಬಾರು ಅಷ್ಟೇ. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಲ್ಲಿ, ವಾಡಿ ಸ್ಟೇಷನ್ನಿನಲ್ಲಿ, ಶಹಾಬಾದಿನ ಕಲ್ಲಿನ ಖಣಿಗಳಲ್ಲಿ ಯಾವ ಬೇನೆ ಬಂದರೂ ಜನರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದು ನನ್ನ ತಲೆನೋವು. ಹುಕುಂ ಉರ್ದುವಿನಲ್ಲಿ ಬರುತ್ತಿತ್ತು. ಅದನ್ನು ಕನ್ನಡಕ್ಕೆ ಇಳಿಸಿ, ಹಲಗಿ ಬಾರಿಸಿ ಡಂಗುರ ಸಾರುವವನ ಬಾಯಿಗೆ ಒಗ್ಗುವಂತೆ ಮಾಡಿ ಕಳಿಸುತ್ತಿದ್ದೆ.

ಕೆಲಸ ಸುಲಭವೆಂದು ತಿಳಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಡಂಗುರಕ್ಕೆ ಉದ್ದದ ವಾಕ್ಯ ನಡೆಯದು. ಹಲಗಿಯ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಹಿಡಿಸುವಷ್ಟೇ ಮಾತಿರಬೇಕು. ಕಾಲರಾ ಎಂದು ಹೆಸರು ಹಿಡಿದು ಕೂಗಿಸುವಂತಿರಲಿಲ್ಲ. ನಮ್ಮ ಕಡೆಯವರು ಆ ಹೆಸರನ್ನು ಬಾಯಿಗೆ ತಾರರು, ತಂದರೆ ಕರೆದಂತಾಗುತ್ತದೆ ಎಂದು ಹೆದರುವರು. "ಅವ್ವ ಬಂದಾಳ" ಎಂದು ಮೆಲ್ಲಗೆ ಹೇಳಿ ಸುಮ್ಮನಾಗುವರು. ನಾನು "ಉಲ್ಟಿ-ಜುಲಾಬಿನ ಬ್ಯಾನಿ" ಎಂದು ಬರೆಯುತ್ತಿದ್ದೆ. ನೀರು ಶುದ್ಧ ಮಾಡಲು ಬಾವಿಗೆ ಕೆಂಪು ಪುಡಿ ಹಾಕಿದಾಗ "ದವಾ" ಎಂದೇ ಬರೆಯುತ್ತಿದ್ದೆ. ದವಾಖಾನೆ ಕಂಡವರಿಗೆಲ್ಲ ಆ ಮಾತು ಗೊತ್ತಿತ್ತು.

ನಾನು ಹೇಳುತ್ತಿರುವುದು ನಿಜಾಮರ ಆಳಿಕೆಯ ಕಡೆಯ ವರ್ಷಗಳ, ಗಲಭೆಯ ಕಾಲದ ಮಾತು. ಸಂಜೆಯ ರೈಲಿನಿಂದ ಇಳಿದವರು ಒಬ್ಬೊಬ್ಬರೇ ಊರ ದಾರಿ ಹಿಡಿಯುತ್ತಿರಲಿಲ್ಲ, ಗುಂಪು ಕೂಡಿದ ಮೇಲೆಯೇ ಹೊರಡುತ್ತಿದ್ದರು. ಸರಕಾರದ ಮಂದಿ ಬಂದರೆಂದರೆ ಹಗಲಿನಲ್ಲೇ ಬಾಗಿಲ ಅಗುಳಿ ಬೀಳುತ್ತಿತ್ತು. ಯಾವ ಸುದ್ದಿ ನಿಜ, ಯಾವುದು ಗಾಳಿಮಾತು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಕೆಟ್ಟ ಸುದ್ದಿಯನ್ನು ಮಾತ್ರ ಎಲ್ಲರೂ ನಂಬುತ್ತಿದ್ದರು.

ಆ ಬೇಸಿಗೆ ಚಿಂಚೋಳಿಯ ಕಡೆ ಬೇನೆ ಬಿತ್ತು. ಈ ಸಲ ಶಹರದ ದೊಡ್ಡ ಕಚೇರಿಯವರಿಗೆ ಎಲ್ಲಿಲ್ಲದ ಅವಸರ. ಕನ್ನಡದ ಕರಪತ್ರವನ್ನು ತಾವೇ ಬರೆಸಿ, ಅಚ್ಚು ಹಾಕಿಸಿ ರೈಲಿಗೆ ಹಾಕಿದರು. ಚಿಂಚೋಳಿಯ ಗಂಟು ತಾಂಡೂರಿನಲ್ಲಿಯೇ ಇಳಿದು ಅಲ್ಲಿಂದ ಬಂಡಿಯಲ್ಲಿ ಹೋಯಿತು. ಚಿತ್ತಾಪುರದ ಗಂಟು ನನ್ನ ಕೈಗೆ ಬಂದದ್ದು ಆಮೇಲೆ. ಬಿಚ್ಚಿ ಓದಿದೆ. "ಬಾವಿಗಳಿಗೆ ಸರಕಾರದ ವತಿಯಿಂದ ಮದ್ದು ಹಾಕಲಾಗಿದೆ. ಪ್ರಜೆಗಳೆಲ್ಲರೂ ಆ ನೀರನ್ನೇ ಕುಡಿಯತಕ್ಕದ್ದು. ತಪ್ಪಿದವರಿಗೆ ಸಜೆಯಾಗುವುದು."

ಬರೆದವನು ತೆಲುಗಿನವನೆಂದು ಊಹಿಸುವುದು ಕಷ್ಟವಿರಲಿಲ್ಲ. ಅವನ ಭಾಷೆಯಲ್ಲಿ ಔಷಧಕ್ಕೆ ಮಂದು. ಅದನ್ನು ಕನ್ನಡ ಮಾಡಿ ಮದ್ದು ಎಂದಿದ್ದಾನೆ. ಪುಸ್ತಕದಲ್ಲಿ ಅದು ತಪ್ಪಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಮದ್ದು ಹಾಕುವುದೆಂದರೆ ಆಗದವರ ಊಟದಲ್ಲಿ ಕದ್ದು ಬೆರೆಸುವುದು, ತಿಂದವನು ಒಳಗೊಳಗೇ ಸೊರಗಿ ಸಾಯುವುದು. ಸರಕಾರ ಬಾವಿಗೆ ವಿಷ ಬೆರೆಸಿ, ಕುಡಿಯದಿದ್ದರೆ ಸಜೆ ಎಂದು ತಾನೇ ಡಂಗುರ ಹೊಡೆಸಿದಂತಾಗಿತ್ತು. ಬೇರೆ ಕಾಲವಾಗಿದ್ದರೆ ನಾನೂ ನಗುತ್ತಿದ್ದೆನೇನೋ.

ಚಿಂಚೋಳಿಯ ಆಚೆ, ಚಂದ್ರಂಪಳ್ಳಿಯ ಕಡೆ ಕಾಡು ಶುರುವಾಗುವಲ್ಲಿ, ನನ್ನ ಅಕ್ಕನನ್ನು ಕೊಟ್ಟ ಊರಿತ್ತು. ಅವ್ವ ತೀರಿಹೋದ ಮೇಲೆ ನನಗೆ ಉಣಿಸಿ ಬೆಳೆಸಿದವಳು ಅವಳು. ನಮ್ಮ ದವಾಖಾನೆಯ ಡಾಕ್ಟರ ಸಾಹೇಬರಿಗೆ ಕರಪತ್ರ ತೋರಿಸಿ, ಸಿಕ್ಕ ರೈಲು ಹತ್ತಿ, ತಾಂಡೂರಿನಲ್ಲಿ ಇಳಿದು ಜಟಕಾ ಹಿಡಿದೆ.

ದಾರಿಯಲ್ಲಿ ಒಂದು ಊರಿನ ಸೀಮೆಯ ಕಲ್ಲಿನ ಬಳಿ ಮೊಣಕಾಲೆತ್ತರದ ಮರದ ಬಂಡಿಯೊಂದು ನಿಂತಿತ್ತು. ಅದರ ತುಂಬ ಬೇವಿನ ಸೊಪ್ಪು, ಅರಿಷಿಣ, ಹಸಿರು ಬಳೆ. ಆ ಊರಿನವರು ಬೇನೆಯ ಅವ್ವನನ್ನು ಅದರಲ್ಲಿ ಕೂಡಿಸಿ ತಮ್ಮ ಗಡಿ ದಾಟಿಸಿದ್ದರು. ಮುಂದಿನ ಊರಿನವರು ಅದನ್ನು ಇನ್ನೂ ಮುಂದಕ್ಕೆ ನೂಕಬೇಕು. ಜಟಕಾದವನು ಕುದುರೆಯನ್ನು ಹೊಲಕ್ಕೆ ಇಳಿಸಿ ಸುತ್ತು ಹಾಕಿ ಹೊಡೆದ.

"ಆ ಕಡೆ ನೋಡಬ್ಯಾಡ್ರಿ ಸಾಹೇಬ್ರ" ಎಂದ. ನಾನು ನೋಡಿದ್ದೆ. ಬಂಡಿಯ ಮುಂದಿನ ಮೂಕಿ ನಾನು ಹೊರಟಿದ್ದ ದಿಕ್ಕಿಗೇ ಇತ್ತು.

ಊರು ಮುಟ್ಟಿದಾಗ ಬಿಸಿಲು ಏರಿತ್ತು. ನೀರು ಸೇದುವ ಹೊತ್ತಾದರೂ ಬಾವಿಯ ಕಟ್ಟೆಯ ಮೇಲೆ ಒಂದು ಕೊಡವೂ ಇರಲಿಲ್ಲ. ಬಗ್ಗಿ ನೋಡಿದೆ. ಪುಡಿಯ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ, ನೀರು ತೆಳ್ಳಗೆ ಕೆಂಪಗಿತ್ತು. ಹಲಗಿಯವನು ಬೇವಿನ ಮರದಡಿ ಕೂತಿದ್ದ.

"ಹಿಂಗೇ ಕೂಗು ಅಂದ್ರು, ಕೂಗೀನ್ರಿ" ಎಂದ. "ಅವತ್ತಿಂದ ಯಾರೂ ಬಾವಿ ಕಡೆ ಸುಳದಿಲ್ರಿ. ಎಲ್ಲಾರೂ ಹಳ್ಳಕ್ಕೇ ಹೋಗ್ಲಿಕತ್ಯಾರ."

ಅವನ ಕೇರಿಗೆ ಬಾವಿಯೇ ಇರಲಿಲ್ಲ. ಅವರು ಮೊದಲಿನಿಂದಲೂ ಹಳ್ಳದ ನೀರಿನವರು, ಸತ್ತವರೂ ಮೊದಲು ಆ ಕೇರಿಯವರೇ. ಹಳ್ಳಕ್ಕೆ ಪುಡಿ ಹಾಕಬೇಕೆಂದು ಯಾವ ಹುಕುಮಿನಲ್ಲೂ ಇರಲಿಲ್ಲ. ಈಗ ಊರಿಗೆ ಊರೇ ಅಲ್ಲಿಗೆ ಇಳಿದಿತ್ತು.

ಅಕ್ಕ ಬಾಗಿಲಲ್ಲಿಯೇ ಸಿಕ್ಕಳು. ನನ್ನ ನೌಕರಿಯ ಮೇಲೆ ಅವಳದು ಒಂದು ಚೇಷ್ಟೆ ಇತ್ತು. "ಏನಪಾ ಸರಕಾರ, ನಮ್ಮನ್ನೆಲ್ಲಾ ಕೊಲ್ಲಾಕ ಹೊಂಟೀಯಂತಲ್ಲ?" ಎಂದು ನಕ್ಕಳು. ಸೆರಗು ಹಿಡಿದು ನಿಂತಿದ್ದ ಅವಳ ಪುಟ್ಟ ಮಗಳು ನಗಲಿಲ್ಲ. ಮಾಮ, ಅಕ್ಕನ ಗಂಡ, ಬಾ ಎಂದೂ ಅನ್ನದೆ ಒಳಗೆ ಹೋದ.

ಗೌಡರಿಗೆ ಹೇಳಿ ಜನರನ್ನು ಬಾವಿಯ ಹತ್ತಿರ ಕೂಡಿಸಿದೆ. ಬರೆದವನು ತಪ್ಪು ಮಾತು ಹಾಕಿದ್ದಾನೆ, ಇದು ದವಾ, ತೆಲುಗಿನಲ್ಲಿ ಇದಕ್ಕೆ ಮಂದು ಅನ್ನುತ್ತಾರೆ ಎಂದು ಬಿಡಿಸಿ ಹೇಳಿದೆ.

ಗೌಡರು ಮೀಸೆಯ ಮೇಲೆ ಕೈಯಾಡಿಸಿದರು. "ತೆಲುಗು ನಮಗೂ ಬರ್ತದ್ರಿ ಸಾಹೇಬ್ರ. ಅಲ್ಲೀನೂ ಮಂದು ಇಟ್ರ ಮನಶಾ ಸಾಯ್ತಾನ."

ಆ ಮಾತು ನಿಜವೇ. ಹಗ್ಗ ಹಾಕಿ ನಾನೇ ಒಂದು ತಂಬಿಗೆ ಸೇದಿ ಎಲ್ಲರೆದುರು ಗಟಗಟ ಕುಡಿದೆ. ಯಾರ ಮುಖವೂ ಸಡಿಲಲಿಲ್ಲ.

"ಇವರು ಉತಾರ ತಗೊಂಡೇ ಬಂದಿರ್ತಾರ" ಎಂದು ಹಿಂದಿನಿಂದ ಒಬ್ಬ ಕೂಗಿದ. ಉತಾರವೆಂದರೆ ವಿಷ ಇಳಿಸುವ ಔಷಧ. "ತಾನು ಕುಡದ್ರೇನಾತು? ಊರಾಗಿನವ್ರು ಯಾರರೆ ಕುಡೀಲಿ!"

ಆಗ ಅಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ನಾನು ಕರೆದಿರಲಿಲ್ಲ. "ನಾ ಏನು ಉತಾರ ತಗೊಂಡೀನೇನು? ಈ ಊರಿನ ಸೊಸಿ ಹೌದಲ್ಲ ನಾ?" ಎಂದು ನನ್ನ ಕೈಯ ತಂಬಿಗೆ ಕಸಿದುಕೊಂಡು, ತಾನೇ ಸೇದಿ, ಎತ್ತಿ ಕುಡಿದಳು. ಬಾಯಿ ಒರೆಸಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಏನಾಗ್ಯದ ನನಗ? ಜರಾ ಒಗರು ಅದ, ಅಷ್ಟೇ. ಹಿಡೀರಿ ಕೊಡ."

ಇಬ್ಬರು ಹೆಂಗಸರು ಕೊಡ ಹಿಡಿದರು. ಮೂರನೆಯವಳು ಮನೆಗೆ ಓಡಿಹೋಗಿ ಕೊಡ ತಂದಳು. ನನಗಾದ ಸಂತೋಷ ಹೇಳತೀರದು. ನನ್ನ ನೌಕರಿಯಲ್ಲಿ ಎಷ್ಟೋ ಕಾಗದ ಅಚ್ಚು ಹಾಕಿಸಿದ್ದೆ, ಎಷ್ಟೋ ಹಲಗಿ ಬಾರಿಸಿದ್ದೆ. ಒಬ್ಬರು ಆಡಿದ ಮಾತು ಜನರೊಳಗೆ ಇಳಿದದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಕ್ಕನ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆ ತುಂಬ ಉಂಡು ಮಲಗಿಬಿಟ್ಟೆ.

ಎದ್ದಾಗ ಹೊತ್ತು ಇಳಿಯುತ್ತಿತ್ತು. ಹಿತ್ತಲಿನಲ್ಲಿ ಅಕ್ಕ ವಾಂತಿ ಮಾಡುವ ಸದ್ದು ಕೇಳಿತು.

ನೋಡಿದ ಕೂಡಲೇ ತಿಳಿಯಿತು. ಗುಳಿ ಬಿದ್ದ ಅಂಥ ಕಣ್ಣು, ಸುಕ್ಕುಗಟ್ಟಿದ ಅಂಥ ಬೆರಳು ಸಾಕಷ್ಟು ಕಂಡಿದ್ದೆ. ಆದರೆ ಬಾವಿಯ ನೀರು ಕುಡಿದು ಇನ್ನೂ ಅರ್ಧ ದಿನವೂ ಆಗಿರಲಿಲ್ಲ, ಈ ಬೇನೆ ಸಾಮಾನ್ಯವಾಗಿ ಅಷ್ಟು ಬೇಗ ಕಾಣಿಸದು, ಅದೇ ನೀರು ಕುಡಿದ ನನಗೂ ಏನೂ ಆಗಿರಲಿಲ್ಲ. "ಅಕ್ಕಾ, ನೀವೆಲ್ಲ ಇಷ್ಟು ದಿನ ಯಾವ ನೀರು ಕುಡದೀರಿ?" ಎಂದೆ.

"ಹಳ್ಳದ್ದೇ. ಎಲ್ಲಾರೂ ತರತಿದ್ರು, ನಾನೂ ತಂದೆ." ನನ್ನ ಕೈ ಹಿಡಿದುಕೊಂಡು, "ಬಾವಿ ನೀರಿನಿಂದ ಅಲ್ಲ ಇದು. ನನಗ ಗೊತ್ತದ. ಹೊರಗ ಹೇಳು ತಮ್ಮಾ, ಈಗೇ ಹೇಳು" ಎಂದಳು.

ಹೊರಗೆ ಬಂದೆ. ಸುದ್ದಿ ನನಗಿಂತ ಮುಂದೆ ಓಡಿತ್ತು. ಕೊಡ ತುಂಬಿಕೊಂಡಿದ್ದ ಹೆಂಗಸರು ಅಂಗಳದಲ್ಲೇ ನೀರು ಚೆಲ್ಲುತ್ತಿದ್ದರು. ನಾನು ಕೂಗಿ ಹೇಳಿದೆ, ಕೈ ಮುಗಿದು ಹೇಳಿದೆ, ಕಡೆಗೆ ಬೈದೂ ಹೇಳಿದೆ. ಎಲ್ಲರೂ ಬಾಗಿಲು ಹಾಕಿಕೊಂಡರು. ಚಿಂಚೋಳಿಗೆ ಕುದುರೆ ಕಳಿಸಿದರೆ ಅಲ್ಲಿಯ ಡಾಕ್ಟರು ಬೇರೆ ಊರಿಗೆ ಹೋಗಿದ್ದಾರೆಂದು ಬಂತು. ಉಪ್ಪು ಬೆರೆಸಿದ ಕಾಸಿದ ನೀರು ಗುಟುಕು ಗುಟುಕಾಗಿ ಕುಡಿಸಿದೆ. ಏನೂ ನಿಲ್ಲಲಿಲ್ಲ. ಬೆಳಗಾಗುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಳು.

ಹೊಲದಲ್ಲಿ ಮಣ್ಣು ಮಾಡಿದೆವು. ಐನೋರು ವಿಭೂತಿ ಇಟ್ಟು, ಬಿಲ್ವಪತ್ರಿ ಹಾಕಿ ಮಂತ್ರ ಹೇಳುತ್ತಿರುವಾಗಲೇ ಅತ್ತ ಊರ ಗಂಡಸರು ಜಾಲಿಯ ಮುಳ್ಳು ಕಡಿದು ತಂದು ಬಾವಿಯ ಬಾಯಿಗೆ ಒಟ್ಟುತ್ತಿದ್ದರು. ಗೌಡರು ನನ್ನ ಹತ್ತಿರ ಬಂದು, "ನಿಮಗೇನೂ ಅನ್ನಂಗಿಲ್ರಿ. ನಿಮ್ಮ ಮನಿದೇ ಹೋತು. ಇವತ್ತೇ ಊರು ಬಿಡ್ರಿ, ಹುಡುಗ್ರು ನನ್ನ ಕೈಯಾಗಿಲ್ಲ" ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರು.

ಮಣ್ಣು ಕೊಟ್ಟವರು ಮೈ ತೊಳೆದುಕೊಳ್ಳಲು ಹಳ್ಳಕ್ಕೆ ಇಳಿದರು. ಬೇರೆ ನೀರು ಎಲ್ಲಿತ್ತು? ನಾನೂ ಹಿಂದೆ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ಅತ್ತು ಅತ್ತು ಗಂಟಲು ಒಣಗಿದ್ದ ಅಕ್ಕನ ಮಗಳು ದಂಡೆಯಲ್ಲಿ ಕೂತು ಬೊಗಸೆಯಲ್ಲಿ ನೀರೆತ್ತಿಕೊಂಡಳು. ನಾನು ಓಡಿಹೋಗಿ ಅವಳ ಕೈಗೆ ಹೊಡೆದು ನೀರು ಚೆಲ್ಲಿಸಿದೆ. ಅವಳು ಕಿರುಚಿ ಅಪ್ಪನ ಕಾಲು ತಬ್ಬಿಕೊಂಡಳು.

"ಕುಡಿಸಬ್ಯಾಡ ಮಾಮಾ, ನಿನ್ನ ಕಾಲಿಗೆ ಬೀಳ್ತೀನಿ. ಮನಿಗೆ ಒಯ್ದು ಕಾಸಿ ಕುಡಿಸು" ಎಂದೆ.

ಮಾಮ ಮಗಳನ್ನು ತನ್ನ ಹತ್ತಿರ ಎಳೆದುಕೊಂಡ. "ಸಾಕು ಮಾಡು. ನಿನ್ನ ಮಾತು ನಂಬೇ ಆಕಿ ಕುಡದ್ಳು" ಎಂದ. ಆಮೇಲೆ ಬಗ್ಗಿ, ತನ್ನ ಬೊಗಸೆಯಲ್ಲಿ ಹಳ್ಳದ ನೀರು ತುಂಬಿ, ಮಗಳ ಬಾಯಿಗೆ ಹಿಡಿದ. ಅವಳು ನನ್ನ ಕಡೆ ನೋಡುತ್ತಲೇ ಅಷ್ಟನ್ನೂ ಕುಡಿದಳು.