ಮೂರು ದಿನ ಹೇಳದೆ ಇಟ್ಟ ಕಾಗದ

ಬಸವಲಿಂಗಪ್ಪ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಕಾಲುವೆಗಳ ಹೂಳಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಪಕ್ಕದ ದ ಹೇಗ್ ನಗರದಲ್ಲಿ ಒಂದು ಕೋಣೆ ಹಿಡಿದು ದಿನವೂ ಟ್ರಾಮ್‌ನಲ್ಲಿ ಹೋಗಿಬರುತ್ತಿದ್ದ. ಮಾತು ಕಡಿಮೆ. ಕನ್ನಡದವರ ಹಬ್ಬದೂಟಕ್ಕೆ ಬಂದರೆ ಪಾತ್ರೆ ತೊಳೆದು ಹೋಗುತ್ತಿದ್ದನೇ ಹೊರತು ಮನೆಯ ಸುದ್ದಿ ಎತ್ತುತ್ತಿರಲಿಲ್ಲ.

೨೦೧೮ರ ಮಾರ್ಚ್‌ನಲ್ಲಿ ಶ್ರಾವ್ಯ ಫೋನ್ ಮಾಡಿದಳು. ಅದೇ ದೇಶದ ಬೈಟನ್‌ವೆಲ್ಡರ್ಟ್ ಎಂಬ ಬಡಾವಣೆಯಲ್ಲಿದ್ದ ಈ ಬೆಂಗಳೂರಿನ ಹುಡುಗಿ, ಆಪರೇಷನ್‌ಗೆ ದುಡ್ಡಿಲ್ಲದವರಿಗಾಗಿ ಇಂಟರ್ನೆಟ್‌ನಲ್ಲಿ ಹಣ ಕೂಡಿಸಿ ಕಳಿಸುತ್ತಿದ್ದಳು.

"ಬಸು, ನೀನು ಗದಗ ಕಡೆಯವನಲ್ವಾ? ನರಗುಂದದ ಹತ್ರ ನವ್ಯಾ ಅಂತ ಒಬ್ಳಿದಾಳೆ. ಹಾರ್ಟ್ ವಾಲ್ವ್ ಚೇಂಜ್ ಮಾಡ್ಬೇಕಂತೆ. ಅವಳಣ್ಣ ಮಾತಾಡೋದು ನಂಗೆ ಅರ್ಧ ಅರ್ಥ ಆಗಲ್ಲ. ಒಂದ್ ಸಲ ಕಾಲ್ ಮಾಡಿ, ಪೇಪರ್ಸ್ ನಿಜಾನಾ ನೋಡ್ತೀಯಾ? ನೀನು ಓಕೆ ಅಂದ್ರೆ ಹಣ ಕೂಡಿಸೋಕೆ ಪೇಜ್ ಓಪನ್ ಮಾಡ್ತೀನಿ."

ಜೊತೆಗೆ ಒಂದು ಫೋಟೋ ಬಂತು. ಎರಡು ಜಡೆ, ಕೆನ್ನೆಯಲ್ಲಿ ಗುಳಿ. ನೋಡಿದವರಿಗೆ ಪಾಪ ಅನ್ನಿಸುವಂಥ ನಗು.

ಬಸವಲಿಂಗಪ್ಪನ ಅಕ್ಕ ಕಾಶಮ್ಮನಿಗೂ ಅದೇ ರೋಗವಿತ್ತು. ರವಿಕೆ ಹೊಲಿದು ಅವನನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದವಳು ಅವಳು. ೨೦೦೭ರಲ್ಲಿ ಡಾಕ್ಟರು ವಾಲ್ವ್ ಬದಲಿಸಬೇಕೆಂದಾಗ, ಅವನು ಮತದಾರರ ಗುರುತಿನ ಚೀಟಿಯಲ್ಲಿದ್ದ ಅವಳ ಮಸುಕು ಮುಖವನ್ನು ದೊಡ್ಡದು ಮಾಡಿಸಿ ಹಾಲಿನ ಪುಡಿಯ ಡಬ್ಬಿಗೆ ಅಂಟಿಸಿದ. ಅದನ್ನು ಹಿಡಿದು ಹಣ ಬೇಡುತ್ತ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹನ್ನೊಂದು ದಿನ ನಿಂತ. ಒಬ್ಬ ಮುದುಕ ಫೋಟೋ ನೋಡಿ, "ಈ ಆಟ ಬಾಳ ನೋಡೇವಿ, ಸರಿ ಅತ್ಲಾಗ" ಎಂದಿದ್ದ. ಹನ್ನೆರಡನೆಯ ದಿನ ಕಾಶಮ್ಮ ತೀರಿಕೊಂಡಳು.

ಇದನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಯಾರಿಗೂ ಅವನು ಹೇಳಿರಲಿಲ್ಲ.

ಫೋನಿನಲ್ಲಿ ನವ್ಯಾಳ ಅಣ್ಣ ಅರವಿಂದ ಸಿಕ್ಕಿದ. ಟೆಂಪೋ ಓಡಿಸುವವನು. "ನಮಸ್ಕಾರ್ರೀ ಅಣ್ಣಾರ. ಡಾಕ್ಟರ್ ಬರದ ಕೊಟ್ಟ ಕಾಗದ ಐತ್ರಿ. ನಾಳೆ ಮುಂಜಾನೆ ಕಳಸ್ತೀನ್ರಿ. ನಮ್ಮ ಮಾತು ಆಡೋವ್ರು ಸಿಕ್ರಲ್ಲ, ಅರ್ಧ ಜೀವ ಬಂತ್ರಿ."

ಆ ದನಿಯಲ್ಲಿದ್ದ ನಂಬಿಕೆ ಬಸವಲಿಂಗಪ್ಪನಿಗೆ ಚುಚ್ಚಿತು. ಈ ಅರವಿಂದ ಯಾವ ಬಸ್‌ಸ್ಟ್ಯಾಂಡಿನಲ್ಲೂ ನಿಂತವನಲ್ಲ. ಇವನ ತಂಗಿಗಾಗಿ ಕಂಡು ಕೇಳರಿಯದ ಊರಿನಲ್ಲಿ ಯಾರೋ ಶ್ರಾವ್ಯ ಓಡಾಡುತ್ತಿದ್ದಾಳೆ. ತಾನು ನಿಂತಿದ್ದಾಗ ಇವರೆಲ್ಲ ಎಲ್ಲಿದ್ದರು?

ಮರುದಿನ ಕಾಗದ ಬಂತು. ಆಸ್ಪತ್ರೆಯ ಮೊಹರು, ಡಾಕ್ಟರ ಸಹಿ, ಎಲ್ಲವೂ ಸರಿಯಿತ್ತು. ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ, ನಿಜವೇ ಎಂದರು. ಸಂಜೆ ಶ್ರಾವ್ಯ ವಿಚಾರಿಸಿದಾಗ ಅವನ ಬಾಯಿಂದ ಬಂದದ್ದು, "ಇನ್ನೂ ಕಳಿಸಿಲ್ಲ."

ಮಾರನೆಯ ದಿನವೂ ಅದನ್ನೇ ಹೇಳಿದ. ಆ ಹುಡುಗಿ ಸಾಯಲಿ ಎಂದು ಅವನು ಬಯಸಲಿಲ್ಲ. ಅವಳಿಗೆ ಇಷ್ಟು ಸುಲಭವಾಗಿ ಆಗಬಾರದು, ಅಷ್ಟೇ. ಸ್ವಲ್ಪ ಕಾಯಲಿ. ಕಾಯುವುದೆಂದರೇನೆಂದು ಆ ಅಣ್ಣನಿಗೂ ತಿಳಿಯಲಿ.

ಮೂರನೆಯ ದಿನ ಟ್ರಾಮ್‌ನಲ್ಲಿದ್ದಾಗ ಅರವಿಂದನ ಫೋನ್ ಬಂತು. "ಅಣ್ಣಾರ, ಕಾಗದದಾಗ ಏನರ ತಪ್ಪ ಐತೇನ್ರಿ? ನಿನ್ನಿ ರಾತ್ರಿಯಿಂದ ಆಕಿಗೆ ಮಕ್ಕೊಂಡ್ರ ಉಸುರು ಹಿಡೀತೈತ್ರಿ. ಗ್ವಾಡಿಗೆ ಆನಿಕೊಂಡು ಕುಂತ ನಿದ್ದಿ ಮಾಡ್ತಾಳ."

ಕಾಶಮ್ಮನೂ ಕಡೆಯ ವಾರ ಹಾಗೆಯೇ ಕೂತಿದ್ದಳು. ಬಸವಲಿಂಗಪ್ಪ ಮುಂದಿನ ನಿಲ್ದಾಣದಲ್ಲಿ ಇಳಿದು, ತುಂತುರು ಮಳೆಯಲ್ಲೇ ಶ್ರಾವ್ಯಳಿಗೆ ಫೋನ್ ಮಾಡಿದ.

"ಎಲ್ಲಾ ಖರೇ ಐತಿ. ಈಗ್ಲೇ ಪೇಜ್ ಓಪನ್ ಮಾಡು. ಪೇಪರ್ ಬಂದು ಮೂರು ದಿನ ಆತು. ನಾನೇ ಹೇಳ್ಲಿಲ್ಲ."

"ಯಾಕೆ?"

ಅವನು ನವ್ಯಾ ಕೂತೇ ನಿದ್ದೆ ಮಾಡುತ್ತಿರುವುದನ್ನು ಹೇಳಿದ. ಅವಳು, "ಮೊದ್ಲು ಪೇಪರ್ಸ್ ಕಳಿಸು. ಆಮೇಲೆ ಮಾತಾಡೋಣ" ಎಂದು ಫೋನ್ ಇಟ್ಟಳು.

ನಾಲ್ಕೇ ದಿನದಲ್ಲಿ ಹಣ ಕೂಡಿತು. ಶ್ರಾವ್ಯಳ ಡಚ್ ನೆರೆಯವರೂ ಕೊಟ್ಟಿದ್ದರು. ಬಸವಲಿಂಗಪ್ಪನೂ ಕೊಟ್ಟ. ಆದರೆ ಪ್ರಯೋಗಾಲಯದಲ್ಲಿ ಕೂತು ಆ ಪುಟವನ್ನು ಮತ್ತೆ ಮತ್ತೆ ತೆರೆದಾಗೆಲ್ಲ, ಹೊಸ ಹೆಸರೊಂದು ಕಂಡರೆ ತನ್ನ ಡಬ್ಬಿ ನೆನಪಾಗಿ ತಟ್ಟನೆ ಮುಚ್ಚಿಬಿಡುತ್ತಿದ್ದ.

ಆಪರೇಷನ್ ಚೆನ್ನಾಗಿಯೇ ಆಯಿತು. ಹದಿನೈದು ದಿನಕ್ಕೆ ನವ್ಯಾ ತಾನೇ ಫೋನ್ ಮಾಡಿದಳು. ಮೆಟ್ಟಿಲು ಹತ್ತಿದ್ದನ್ನು ಹೇಳಿದಳು, ಆಸ್ಪತ್ರೆಯ ಉಪ್ಪಿಲ್ಲದ ಸಾರನ್ನು ಬೈದಳು. ಆಮೇಲೆ, "ಅಣ್ಣಾ, ನಿಮಗ ಅಕ್ಕ-ತಂಗೇರು ಅದಾರೇನ್ರಿ?" ಎಂದಳು.

"ಅಕ್ಕ ಇದ್ಲು. ನಿನಗ ಆಗಿದ್ದ ಅಕಿಗೂ ಆಗಿತ್ತು. ನಮಗ ರೊಕ್ಕ ಕೂಡ್ಲಿಲ್ಲ."

ಹುಡುಗಿ ಮೆಲ್ಲಗೆ, "ಹೆಸರೇನ್ರಿ ಅಕಿದು?" ಎಂದಳು. ಅವನು ಹೇಳಿದ. ಹನ್ನೊಂದು ವರ್ಷದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅಂದೇ. ಹೇಳಿ ಅತ್ತ.

ಶ್ರಾವ್ಯಳಿಗೂ ಎಲ್ಲವನ್ನೂ ಹೇಳಿಕೊಂಡ. ಅವಳು ಬೈಯಲಿಲ್ಲ. ಜೂನ್‌ನಲ್ಲಿ ರೋಣದ ಕಡೆಯ ಇನ್ನೊಬ್ಬ ರೋಗಿಯ ವಿಷಯ ಬಂದಾಗ ಮತ್ತೆ ಅವನನ್ನೇ ಕೇಳಿದಳು.

"ಮಾತಾಡ್ತೀನಿ" ಎಂದ ಬಸವಲಿಂಗಪ್ಪ. "ಆದ್ರ ಕಾಗದ ನೇರ ನಿನಗ ಬರ್ಲಿ. ನನ್ನ ಕೈಯಾಗ ಬ್ಯಾಡ."