ನೀಲಿ ದೀಪದ ಸಾಲಿನ ಮನೆ

ಗೋಡೆಗೆ ಏಣಿ ಒರಗಿಸಿದ ಸದ್ದು ಕೇಳಿದ್ದೇ ತಡ, ಮಾರ್ಗೊ ಎದ್ದಳು. ಮಗುವನ್ನು ಸೊಂಟಕ್ಕೇರಿಸಿಕೊಂಡು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ, ಹಾಗೆಯೇ ಹಿಮದ ಮೇಲೆ ಓಡಿ ಬಂದಳು. ನೋಡಿದರೆ ಅತ್ತೆ ಹಿಲ್ಮಾ ಕೊರಳಿಗೆ ದೀಪದ ಸರ ಸುತ್ತಿಕೊಂಡು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗಿತ್ತು. ಮಂಡಿಚಿಪ್ಪು ಬದಲಾಯಿಸಿಕೊಂಡು ಇನ್ನೂ ಸರಿಯಾಗಿ ನಡೆಯಲು ಬಾರದ ಹೆಂಗಸು!

"ಹಿಲ್ಮಾ, ಇಳೀರಿ! ಡಾಕ್ಟರು ಏನು ಹೇಳಿದ್ರು?"

"ಓಡಬೇಡ ಅಂದ್ರು. ನಾನೇನು ಓಡ್ತಿದೀನಾ? ಹತ್ತುತಿದೀನಿ."

"ಬಿದ್ರೆ?"

"ಕೆಳಗೆ ಹಿಮ ಇದೆ. ಹಾಸಿಗೆಗಿಂತ ಮೆತ್ತಗಿದೆ ಮಗಳೇ."

ಮಾರ್ಗೊ ಶಿಕಾಗೋದಲ್ಲಿ ಓದಿ ಬೆಳೆದವಳು. ಸ್ವಭಾವದಿಂದಲೇ ಅಂಜುಬುರುಕಿ. ಮಗು ಐಡ ಹುಟ್ಟಿದ ಮೇಲಂತೂ ಲೋಕದಲ್ಲಿ ಚೂಪಲ್ಲದ ಮೂಲೆಯೇ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಕ್ರಿಸ್‌ಮಸ್ ಮರದ ಎಲೆಯನ್ನು ಮಗು ಬಾಯಿಗೆ ಹಾಕಿಕೊಂಡರೆ? ಒಲೆಯ ಹೊಗೆ ಒಳಗೇ ತುಂಬಿಕೊಂಡರೆ? ಈಗ ಇದೊಂದು ಏಣಿ. ಆದರೆ ಹಿಲ್ಮಾ ಯಾಕೆ ಹತ್ತುತ್ತಿದ್ದಾಳೆಂದು ಅವಳಿಗೂ ಗೊತ್ತಿತ್ತು. ಆ ಸಂಜೆ ಮಾರ್ಗೊಳ ಗಂಡ ಆಂಟನ್ ಕೆಲಸ ಮಾಡುವ ಹಡಗು, ಸರೋವರದ ದಡದ ತಮ್ಮೂರು ಡುಲೂತ್‌ನ ಬಂದರಿಗೆ ಬರುವುದಿತ್ತು. ಅದಿರು ತುಂಬಿಕೊಂಡು ಹಾಗೆಯೇ ತಿರುಗಿಹೋಗುವ ಹಡಗು. ದಡಕ್ಕಿಳಿಯಲು ಯಾರಿಗೂ ಬಿಡುವಿಲ್ಲ. ಅವನು ಮನೆ ಸೇರುವುದು ಸರೋವರ ಹೆಪ್ಪುಗಟ್ಟಿ ಹಡಗುಗಳು ನಿಂತ ಮೇಲೆ, ಜನವರಿಯಲ್ಲೇ. ಮಗಳ ಮೊದಲ ಕ್ರಿಸ್‌ಮಸ್ಸಿಗೆ ಅವನಿಗೆ ಸಿಗುವುದು ನೀರಿನ ಮೇಲಿಂದ ತನ್ನ ಮನೆಯ ಒಂದು ನೋಟ, ಅಷ್ಟೇ. ಫೋನಿನಲ್ಲಿ ಮುಖ ನೋಡಬಹುದು, ನಿಜ. ಮನೆ ಕಾಣುವುದೇ ಬೇರೆ.

ಗುಡ್ಡದ ತುಂಬ ಮನೆಗಳು, ಮನೆ ತುಂಬ ದೀಪ. ಅದರಲ್ಲಿ ತನ್ನದು ಯಾವುದೆಂದು ಹುಡುಕುವುದು ಹೇಗೆ? ಹಿಲ್ಮಾಳ ಗಂಡ ಎಯ್ನರ್ ಕೂಡ ಹಡಗಿನವನೇ. ಮದುವೆಯಾದ ಹೊಸತರಲ್ಲಿ ಒಂದು ಇಡೀ ಹಂಗಾಮು ಅವನು ಹಡಗಿನ ಮೇಲೆ ನಿಂತು ಪಕ್ಕದ ಮನೆಗೆ ಕೈಬೀಸಿದ್ದ. ಪಕ್ಕದ ಮನೆಯ ರೋಲ್ಫ್, ಯಾರೋ ಮರ್ಯಾದಸ್ಥ ಇರಬೇಕೆಂದುಕೊಂಡು, ಅಡುಗೆಮನೆಯ ದೀಪ ಹಚ್ಚಿ ಆರಿಸಿ ಮರುವಂದನೆ ಮಾಡಿದ್ದ. ಹೆಂಡತಿಗೆ ಎಷ್ಟೊಂದು ಪ್ರೀತಿ ಎಂದು ಎಯ್ನರ್ ಹಿಗ್ಗಿದ್ದ. ನಿಜ ತಿಳಿದ ದಿನ ಹಿಲ್ಮಾ ಪೇಟೆಗೆ ಹೋಗಿ, ಲಿಂಬೆಹಣ್ಣಿನ ಗಾತ್ರದ ನೀಲಿ ಬಲ್ಬುಗಳ ಸರ ತಂದು ಸೂರಿನುದ್ದಕ್ಕೂ ಕಟ್ಟಿದಳು. ಅಂದಿನಿಂದ ಒಂದು ವರ್ಷವೂ ತಪ್ಪಿಸಿದವಳಲ್ಲ. ಗಾಜಿನಂಥ ಮಂಜುಗಡ್ಡೆಯ ಇಳಿಜಾರಿನಲ್ಲಿ ಬೆಳಿಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುತ್ತಿದ್ದ ಕಾಲದಲ್ಲೂ, ಎಯ್ನರ್ ತೀರಿಕೊಂಡ ವರ್ಷವೂ. ಅಷ್ಟರಲ್ಲಿ ಮಗ ಆಂಟನ್ ಹಡಗು ಹತ್ತಿಯಾಗಿತ್ತು.

ಅತ್ತೆ ಬೀಳುವುದನ್ನು ನೋಡುವುದಕ್ಕಿಂತ ತಾನೇ ಬೀಳುವುದು ಮೇಲು ಎನ್ನಿಸಿತು ಮಾರ್ಗೊಳಿಗೆ.

"ಕೊಡಿ ಇಲ್ಲಿ. ನಾನೇ ಹತ್ತುತೀನಿ. ನೀವು ಮಗೂನ ಹಿಡ್ಕೊಳ್ಳಿ. ಟೋಪಿ ಕಿವಿ ಮುಚ್ಚಿರ್ಲಿ. ಗಾಳಿಗೆ ಬೆನ್ನು ಕೊಟ್ಟು ಕೂತ್ಕೊಳ್ಳಿ. ಕಾಫಿ ಹತ್ರ ಇಟ್ಕೋಬೇಡಿ."

"ಉಸಿರಾಡ್ಲಾ?" ಎಂದಳು ಹಿಲ್ಮಾ.

ಅಂಗಳದ ಕುರ್ಚಿಯಲ್ಲಿ, ಐಡಳನ್ನು ಕೋಟಿನೊಳಗೆ ಅವುಚಿಕೊಂಡು ಅವಳು ಕುಳಿತಳು. ಮಾರ್ಗೊ ಹತ್ತಿದಳು. ಮೊದಮೊದಲು ಒಂದೊಂದು ಮೆಟ್ಟಿಲಿಗೂ ನಿಂತು ಏಣಿಯನ್ನು ಅಪ್ಪಿಕೊಂಡಳು. ಕೆಳಗಿನಿಂದ ಹಿಲ್ಮಾಳದು, ಬಸ್ಸಿನ ಕನ್ನಡಿಯಲ್ಲಿ ಮಕ್ಕಳನ್ನು ನೋಡಿ ಗದರಿಸಿ ಪಳಗಿದ ದನಿ: "ಕೆಳಗೆ ನೋಡ್ಬೇಡ, ಕೊಕ್ಕೆ ನೋಡು! ಹಾಂ, ಸಿಕ್ಕಿಸು. ಇಳಿ, ಏಣಿ ಸರಿಸು, ಮತ್ತೆ ಹತ್ತು." ನಡುವೆ ಮಗುವಿನ ಜೊತೆ ಬೇರೆ ಮಾತು: "ನೋಡೇ ನಿಮ್ಮಮ್ಮನ್ನ, ಅಳಿಲು ಅಳಿಲು!" ಮಗು ಕೇಕೆ ಹಾಕುತ್ತಿತ್ತು. ಸೂರಿನ ನಡುಭಾಗ ದಾಟುವ ಹೊತ್ತಿಗೆ ಮಾರ್ಗೊ ತನಗರಿವಿಲ್ಲದೆ ಏನನ್ನೋ ಗುನುಗುತ್ತಿದ್ದಳು. ಮೇಲಿಂದ ಸರೋವರ ಎಷ್ಟು ದೊಡ್ಡದಾಗಿ ಕಾಣುತ್ತಿತ್ತು! ಈ ಮನೆಗೆ ಬಂದು ಇಷ್ಟು ದಿನವಾದರೂ ಅದನ್ನು ಅವಳು ಬರೀ ಮುಳುಗುವ ಜಾಗ ಎಂದೇ ನೋಡಿದ್ದಳು.

ಕೊನೆಯ ಕೊಕ್ಕೆಗೆ ಸರ ಸಿಕ್ಕಿಸುವಾಗ ಬೆಳಕು ಇಳಿಯುತ್ತಿತ್ತು. ದಿಗಂತದಲ್ಲಿ ಕಪ್ಪು ಗೆರೆಯೊಂದು ಮೂಡಿತ್ತು. ಹಡಗು!

"ಪ್ಲಗ್ ಹಾಕಿ ಹಿಲ್ಮಾ!"

ಹಿಲ್ಮಾ ಬಾಗಿಲ ಪಕ್ಕದ ಪಾಯಿಂಟಿನ ಬಳಿ ಹೋಗಿ ಸರದ ತುದಿ ಹಿಡಿದಳು. ತಿರುಗಿಸಿ ತಿರುಗಿಸಿ ನೋಡಿದಳು. ಅದು ಪ್ಲಗ್ಗಿಲ್ಲದ ತುದಿ. ಪ್ಲಗ್ಗು ಸೂರಿನ ಆ ಕೊನೆಯಲ್ಲಿ, ಮಾರ್ಗೊಳ ಕೈಯಲ್ಲೇ ತೂಗಾಡುತ್ತಿತ್ತು.

"ಅಯ್ಯೋ, ನಂದೇ ತಪ್ಪು," ಮಾರ್ಗೊ ಕೊಕ್ಕೆಗೆ ಕೈ ಹಾಕಿದಳು. "ಎಲ್ಲಾ ಬಿಚ್ಚಿ ತಿರುಗಿಸಿ ಹಾಕ್ತೀನಿ."

"ಮೆಟ್ಟಿಲ ಮೇಲೆ ಆಗ್ಲೇ ಮಂಜು ಕಟ್ತಿದೆ. ಇಳಿ ನೀನು. ತುದಿ ಕೈಗೆ ಕೊಟ್ಟವಳು ನಾನು, ತಪ್ಪು ನಂದು. ಮೊಮ್ಮಗಳ ಮುಖ ನೋಡ್ತಾ ಕೊಟ್ಟುಬಿಟ್ಟೆ."

ಮನೆಯಲ್ಲಿದ್ದ ಉದ್ದದ ವೈರು ಎಳೆದು ನೋಡಿದರು; ಆ ಮೂಲೆ ಮುಟ್ಟಲಿಲ್ಲ. ಮುಟ್ಟುವಷ್ಟು ಹತ್ತಿರವಿದ್ದದ್ದು ಒಂದೇ: ರೋಲ್ಫನ ಅಡುಗೆಮನೆಯ ಕಿಟಕಿ.

ಹಿಲ್ಮಾಳ ಮುಖ ಹುಳ್ಳಗಾಯಿತು. ಹಿಂದೊಮ್ಮೆ ರೋಲ್ಫನೂ ದೀಪ ಕಟ್ಟಿದ್ದ; ಹೀಗೆಯೇ ತಿರುಗುಮುರುಗಾಗಿ. ಅದನ್ನು ಹಿಲ್ಮಾ ಬೀದಿಗೆಲ್ಲ ಹೇಳಿ, ಬಸ್ಸಿನ ಮಕ್ಕಳಿಗೂ ಹೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ಅವನ ಸೂರಿನಲ್ಲಿ ದೀಪ ಕಂಡವರಿಲ್ಲ.

"ನಾನು ಕೇಳ್ತೀನಿ ಬಿಡಿ," ಎಂದಳು ಮಾರ್ಗೊ.

"ಬೇಡ. ನಕ್ಕಿದ್ದು ನಾನು." ಹಿಲ್ಮಾ ಕುಂಟುತ್ತಲೇ ಹೋಗಿ ಕಿಟಕಿಗೆ ಬಡಿದಳು. ರೋಲ್ಫ್ ಕಿಟಕಿ ಎತ್ತಿದ. ಕೈಯಲ್ಲಿ ಚಮಚ, ಭುಜದ ಮೇಲೆ ಬೆಕ್ಕು.

"ರೋಲ್ಫ್, ನಿನ್ನ ಪ್ಲಗ್ ಪಾಯಿಂಟು ಬೇಕು."

"ಯಾಕಂತೆ?"

"ಸರ ತಿರುಗಾಮುರುಗಾ ಆಗಿದೆ."

"ಏನಂದೆ? ಕಿವಿ ಮಂದ ನಂಗೆ."

"ತಿರುಗಾಮುರುಗಾ ಕಟ್ಟಿಬಿಟ್ವಿ ಕಣಯ್ಯಾ!"

"ಬೀದಿಗೆಲ್ಲ ಕೇಳಿಸೋ ಹಾಗೆ ಹೇಳಮ್ಮಾ. ಆ ಸಲ ನೀನು ಹೇಳಿದ್ಯಲ್ಲ, ಹಾಗೆ."

ಹಿಲ್ಮಾ ಬೀದಿಯ ಕಡೆ ತಿರುಗಿ, ಹಡಗಿನ ಕಹಳೆಯನ್ನೂ ಮೀರಿಸುವ ಹಾಗೆ ಕೂಗಿದಳು: "ಹಿಲ್ಮಾ ಸಾರೆಲಾ ಪ್ಲಗ್ಗನ್ನ ತಪ್ಪು ತುದೀಗೆ ಕಟ್ಟಿದಾಳೆ!" ಎದುರು ಮನೆಯ ನಾಯಿ ಬೊಗಳಿತು. ರೋಲ್ಫನ ಮುಖ ಹಬ್ಬದ ಮುಖವಾಯಿತು.

"ಏಲಕ್ಕಿ ಬ್ರೆಡ್ಡು ಮಾಡಿದೀಯಾ?"

"ಮಾಡಿದೀನಿ, ಜಡೆ ಹಾಗೆ ಹೆಣೆದ ಬ್ರೆಡ್ಡು, ಇಡೀ ಒಂದು ನಿಂಗೇ. ಬೇಗ ಹಾಕು ಮಾರಾಯ, ಹಡಗು ಬಂತು!"

ಮಾರ್ಗೊ ವೈರಿನ ಒಂದು ತುದಿಯನ್ನು ಸರದ ಪ್ಲಗ್ಗಿಗೆ ಜೋಡಿಸಿ ಇನ್ನೊಂದನ್ನು ಕಿಟಕಿಯೊಳಕ್ಕೆ ಎಸೆದಳು. ಒಳಗೆ ಏನೋ ಬಿತ್ತು, ಬೆಕ್ಕು ಕಿರುಚಿತು. ಅಷ್ಟರಲ್ಲಿ ಸೂರಿನುದ್ದಕ್ಕೂ ಒಂದೇ ಸಲಕ್ಕೆ ನೀಲಿ. ಹಿಮವೂ ನೀಲಿ, ಹಿಲ್ಮಾಳ ಹಲ್ಲೂ ನೀಲಿ. ಐಡ ಬಾಯಿ ತೆರೆದು, ಕೈ ಮೇಲಕ್ಕೆತ್ತಿ, ಆ ಬೆಳಕನ್ನೆಲ್ಲ ತನಗೇ ಕೊಡಬೇಕೆಂಬಂತೆ ಬೆರಳು ಮಡಚಿದಳು.

ಕೆಳಗೆ, ಬಂದರಿನ ಬಾಯಿಯಲ್ಲಿದ್ದ ಎತ್ತುಸೇತುವೆ ಹಡಗಿಗೆ ದಾರಿ ಬಿಡಲು ಮೇಲೇರಿತು. ಹಡಗು ಕಾಲುವೆಗೆ ತಿರುಗಿ ಕಹಳೆ ಊದಿತು: ಒಂದು ಉದ್ದ, ಎರಡು ಗಿಡ್ಡ. ಸೇತುವೆಯೂ ತನ್ನ ಕಹಳೆ ಊದಿ ಉತ್ತರ ಕೊಟ್ಟಿತು. ಮಾರ್ಗೊಳ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಕಾಣ್ತಿದೆ! ಮಾರ್ಗೊ, ಕಾಣ್ತಿದೆ!" ಆಂಟನ್ ಗಾಳಿಯಲ್ಲಿ ಕಿರುಚುತ್ತಿದ್ದ. "ಅಮ್ಮ ಆ ಮಂಡೀಲಿ ಹತ್ತಿದ್ಲಾ?"

"ನಾನು ಹತ್ತಿದೆ."

"ನೀನಾ? ಸುಳ್ಳು!"

"ಪ್ಲಗ್ ಯಾವ ಕಡೆ ಇದೆ ಅಂತ ಗೊತ್ತಾದ್ರೆ ನಂಬ್ತೀಯ."

ಅವನು ನಕ್ಕ. "ಕೈಬೀಸ್ತಿದೀನಿ, ಮಗೂಗೆ ಹೇಳು. ಅದ್ಸರಿ, ಪಕ್ಕದ ಮನೇಲಿ ಯಾರೋ ದೀಪ ಹಚ್ಚಿ ಆರಿಸಿ ಮಾಡ್ತಿದಾರಲ್ಲ, ಯಾರದು?"

ಮಾರ್ಗೊ ತಿರುಗಿ ನೋಡಿದಳು. ಅಡುಗೆಮನೆಯ ಸ್ವಿಚ್ಚಿನ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ರೋಲ್ಫ್ ಹಡಗಿಗೆ ವಂದನೆ ಸಲ್ಲಿಸುತ್ತಿದ್ದ. "ರೋಲ್ಫ್! ಅವರಿಗೂ ಬೀಸು," ಎಂದಳು ಫೋನಿನಲ್ಲಿ.

"ನಾಳೆ ಬಿಸಿಲು ಬಂದ ಮೇಲೆ ಸರ ತಿರುಗಿಸಿ ಕಟ್ತೀನಿ," ಎಂದಳು ಮಾರ್ಗೊ. ನಾಳೆಯೂ ಏಣಿ ಹತ್ತಬೇಕೆಂದು ತನಗೇ ಆಸೆಯಾಗಿದೆಯೆಂದು ಅವಳಿಗೆ ಆಗ ಹೊಳೆಯಿತು.

"ಆ ಏಣಿ ಮುಟ್ಟಿದ್ರೆ ನೋಡು!" ಕಿಟಕಿಯಿಂದ ರೋಲ್ಫ್ ಗದರಿದ. "ಜನವರಿವರೆಗೂ ಸ್ವಿಚ್ಚು ನಂದು. ಬ್ರೆಡ್ಡು ಎಲ್ಲಿ?"

"ತರ್ತೀನಿ ಇರಯ್ಯಾ," ಹಿಲ್ಮಾ ಮೊಮ್ಮಗಳ ಪುಟ್ಟ ಕೈ ಹಿಡಿದು ಹಡಗಿನತ್ತ ಬೀಸುತ್ತ ಎಂದಳು. "ಆಂಟನ್ ಕೈಬೀಸ್ತಿರೋದು ನಿಂಗೂ ಸೇರಿಸಿಯೇ. ಅವರಪ್ಪನ ಹಾಗಲ್ಲ, ಈ ಸಲ ಗೊತ್ತಿದ್ದೇ ಬೀಸ್ತಾನೆ."